ಮೂ, ಸೇ ಮತ್ತು ನಮ್ಮ ಮಾವ

ನದಿಮೂಲ, ಋಷಿಮೂಲ ಹುಡುಕಬಾರದು ಅಂತ ಹಿರಿಯರು ಸುಮ್ಮನೆ ಹೇಳಿಲ್ಲ. ಹುಡುಕಿದರೆ ನದಿಗೂ ಏನೂ ಆಗುವುದಿಲ್ಲ, ಋಷಿಗೂ ಏನೂ ಆಗುವುದಿಲ್ಲ. ನಡುವೆ ಮನೆ ಮಾಡಿಕೊಂಡಿದ್ದವರು ಬೀದಿಗೆ ಬೀಳುತ್ತಾರೆ. ಇದು ನನಗೆ ಗೊತ್ತಾಗಿದ್ದು ನಮ್ಮ ಸೋದರಮಾವನಿಂದ. ಅವರ ಕಥೆಯನ್ನು ಬೇರೆ ಯಾರೂ ಬರೆಯುವುದಿಲ್ಲ. ಬರೆಯಬೇಕಾಗಿದ್ದವರು ಬರೆದ ದಪ್ಪ ಪುಸ್ತಕದಲ್ಲಿ ಅವರ ಕೆಲಸ ಇದೆ, ಅವರು ಮಾತ್ರ ಇಲ್ಲ. ಸಿಟ್ಟು ಇಳಿದ ಮೇಲೆ ಬರೆಯೋಣ ಅಂತ ಎರಡು ವರ್ಷ ಕಾದೆ. ಇಳಿಯಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಮಾವ ಗಾರೆ ಕೆಲಸದವರು, ಊರಿಗೆಲ್ಲ ಮೇಸ್ತ್ರಿ. ಮೂವತ್ತೆಂಟು ವರ್ಷ ಒಂದೇ ಕಟ್ಟಡದ ಗೋಡೆಗಳನ್ನು ಸವರಿಕೊಂಡು ಬದುಕಿದವರು. ಆ ಕಟ್ಟಡದ ಪುರಾಣ ಉದ್ದವೇನಿಲ್ಲ, ಹೇಳಿಬಿಡುತ್ತೇನೆ. ಮೊದಲು ಅದು ಸನ್ಯಾಸಿಗಳ ಮಠ. ನಡುವೆ ಚೌಕದ ಅಂಗಳ, ಸುತ್ತ ಕಮಾನುಗಳ ಪಡಸಾಲೆ, ಪಡಸಾಲೆಗೆ ಬಾಗಿಲು ತೆರೆದುಕೊಂಡ ನಲವತ್ತು ಸಣ್ಣ ಕೋಣೆ. ಒಂದೊಂದರಲ್ಲೂ ಒಬ್ಬೊಬ್ಬ ಸನ್ಯಾಸಿ ಒಳಗಿನಿಂದ ಚಿಲಕ ಹಾಕಿಕೊಂಡು ದೇವರನ್ನು ನೆನೆಯುತ್ತಿದ್ದ. ಸನ್ಯಾಸಿಗಳು ಖಾಲಿಯಾದರು, ಸೈನ್ಯ ಬಂತು. ಪ್ರಾರ್ಥನೆಯ ಹಜಾರ ಕುದುರೆ ಲಾಯವಾಯಿತು, ಗೋಡೆಗೆ ಕಬ್ಬಿಣದ ಬಳೆಗಳು ಬಂದವು, ನೆಲವನ್ನು ಒಂದು ಕಡೆಗೆ ಇಳಿಜಾರು ಮಾಡಿದರು. ಯಾಕೆ ಅಂತ ಕುದುರೆ ಸಾಕಿದವರನ್ನು ಕೇಳಿ. ಆಮೇಲೆ ಜೈಲು. ಮಠವನ್ನು ಜೈಲು ಮಾಡುವುದಕ್ಕೆ ದೊಡ್ಡ ಕೆಲಸವೇನೂ ಬೀಳಲಿಲ್ಲ, ಒಳಗಿದ್ದ ಚಿಲಕ ಕಿತ್ತು ಹೊರಗೆ ಹೊಡೆದರು, ಅಷ್ಟೆ. ಆಮೇಲೆ ಕ್ಷಯರೋಗದ ಆಸ್ಪತ್ರೆ, ಕಿಟಕಿಗಳು ದೊಡ್ಡದಾದವು, ಚಿಲಕವೇ ಹೋಯಿತು. ಆಮೇಲೆ ಶಾಲೆ, ಚಿಲಕ ಮತ್ತೆ ಹೊರಗೆ. ಕೊನೆಗೆ ದಾಖಲೆ ಕಚೇರಿ, ಚಿಲಕದ ಮೇಲೆ ಬೀಗ, ಬೀಗದ ಮೇಲೆ ಅರಗಿನ ಮುದ್ರೆ. ಅಷ್ಟೂ ಕಾಲದ ಚಿಲಕಗಳು ಬಿಟ್ಟುಹೋದ ತೂತುಗಳನ್ನೆಲ್ಲ ಮುಚ್ಚಿದ್ದು ಮಾವ.

"ಈ ಬಾಗಿಲಿನ ಪಾಡು ನೋಡು ಪುಟ್ಟಿ," ಅನ್ನುತ್ತಿದ್ದರು. "ಒಳಗಿರೋರನ್ನ ಕಾಯ್ಬೇಕಾ, ಹೊರಗಿರೋರನ್ನ ಕಾಯ್ಬೇಕಾ, ಪಾಪ ಅದಕ್ಕೇ ಗೊತ್ತಿಲ್ಲ."

ಕಟ್ಟಡದ ಹಿಂಬದಿಯಲ್ಲಿ, ಪಡಸಾಲೆ ಮುಗಿಯುವ ಕಡೆ, ನಮ್ಮ ಮನೆ. ಒಂದು ಅಡುಗೆಮನೆ, ಪಕ್ಕದಲ್ಲೊಂದು ಕೋಣೆ. ನಮ್ಮಮ್ಮ ತೀರಿಕೊಂಡಾಗ ಆರು ವರ್ಷದ ನನ್ನನ್ನು ಮಾವ ಕೈ ಹಿಡಿದು ಕರೆತಂದು ಆ ಅಡುಗೆಮನೆಯಲ್ಲಿ ಕೂರಿಸಿದರು. ಅತ್ತೆ ಏನೂ ಕೇಳದೆ ಒಂದು ಲೋಟ ಹಾಲು ಕೊಟ್ಟರು. ನಾನು ಬೆಳೆದದ್ದು, ಓದಿದ್ದು, ಅತ್ತದ್ದು ಎಲ್ಲ ಆ ಅಡುಗೆಮನೆಯ ಗೋಡೆಗೆ ಒರಗಿಕೊಂಡೇ. ಎರಡು ಮೊಳ ದಪ್ಪದ ಗೋಡೆ. ಬೇಸಿಗೆಯಲ್ಲಿ ತಣ್ಣಗೆ, ಚಳಿಯಲ್ಲಿ ಬೆಚ್ಚಗೆ. ಗೋಡೆಯಲ್ಲೊಂದು ಗೂಡು, ಗೂಡಿನಲ್ಲಿ ಅತ್ತೆಯ ಸಕ್ಕರೆ ಡಬ್ಬಿ. ಹಿಂದೊಮ್ಮೆ ಬಿಸ್ಕತ್ತು ತುಂಬಿಕೊಂಡು ಬಂದಿದ್ದ ತಗಡಿನ ಡಬ್ಬಿ ಅದು, ಮುಚ್ಚಳದ ಮೇಲೆ ಏಳು ದಳದ ಒಂದು ಉಬ್ಬು ಹೂವು. ಒಂಬತ್ತನೇ ವಯಸ್ಸಿನಲ್ಲಿ ಸಕ್ಕರೆ ಕದಿಯಲು ಹೋಗಿ ಆ ಮುಚ್ಚಳವನ್ನು ಕಲ್ಲಿನ ಮೇಲೆ ಬೀಳಿಸಿದೆ. ಒಂದು ದಳ ಚಪ್ಪಟೆಯಾಗಿ ಮೊಟಕಾಯಿತು. ಅತ್ತೆಯಿಂದ ಬೆನ್ನಿಗೆ ಒಂದು ಬಿತ್ತು.

ಅದೇ ವರ್ಷ ಕಮಾನು ಬಿದ್ದದ್ದು. ಕಡತ ತಂದ ಲಾರಿ ಅಂಗಳದಲ್ಲಿ ಹಿಂದಕ್ಕೆ ಬರುತ್ತಾ ಮೂಲೆಯ ಕಂಬಕ್ಕೆ ಗುದ್ದಿತು, ಮೇಲಿನ ಕಮಾನು ಇಡಿಯಾಗಿ ಕೂತಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ, ಆಗಿನ ಸಾಹೇಬರ ಜೀವವೊಂದು ಬಾಯಿಗೆ ಬಂತು. ಒಂದೂವರೆ ತಿಂಗಳಿಗೆ ಮೇಲಧಿಕಾರಿಗಳ ತಪಾಸಣೆ ಇತ್ತು.

"ಮೇಸ್ತ್ರಿ," ಅಂದರು ಸಾಹೇಬರು, "ಬಿದ್ದೇ ಇಲ್ಲ ಅನ್ನೋ ಹಾಗೆ ಕಟ್ಟಿಕೊಡು. ಯಾರಿಗೂ ಉಸಿರು ಬಿಡ್ಬೇಡ. ಈ ಕಮಾನು ನಿಂತಿರೋವರೆಗೂ ಆ ಹಿಂದಿನ ಮನೇಲಿ ನೀನೇ ಇರು. ನನ್ನ ಮಾತು."

ಮಾತು ಅಂದರೆ ಮಾತೇ, ಕಾಗದವಿಲ್ಲ. ಮಾವನಿಗೆ ಅಷ್ಟೇ ಸಾಕಾಯಿತು. ಹಿತ್ತಲಲ್ಲಿ ಗುಂಡಿ ತೋಡಿ ಸುಣ್ಣ ನೆನೆಹಾಕಿದರು. ಬಿದ್ದ ಕಲ್ಲುಗಳನ್ನು ಒಂದೊಂದಾಗಿ ಅಂಗಳದಲ್ಲಿ ಹರಡಿ, ಯಾವುದರ ಪಕ್ಕ ಯಾವುದು ಇತ್ತು ಅಂತ ಮೂರು ದಿನ ನೋಡುತ್ತಾ ಕೂತರು. ಮರದ ಅಚ್ಚು ನಿಲ್ಲಿಸಿ ಕಲ್ಲು ಏರಿಸಿದರು. ಹೊಸ ಗಾರೆಗೆ ಒಲೆಯ ಮಸಿ, ಪಾಚಿಯ ನೀರು, ಬೀದಿಯ ಧೂಳು ಸವರಿ ಸವರಿ ಮುನ್ನೂರು ವರ್ಷ ವಯಸ್ಸು ಮಾಡಿದರು. ತೊಡಕಾದದ್ದು ಒಂದೇ ಕಡೆ. ಅಲ್ಲಿನ ಪ್ರತಿ ಕಮಾನಿನ ನೆತ್ತಿಗಲ್ಲಿನ ಮೇಲೂ ಒಂದೊಂದು ಹೂವು, ಒಂದರಂತೆ ಇನ್ನೊಂದಿಲ್ಲ. ಈ ಕಮಾನಿನ ಹೂವು ಲಾರಿಯ ಚಕ್ರಕ್ಕೆ ಸಿಕ್ಕಿ ಪುಡಿಯಾಗಿತ್ತು, ಹೇಗಿತ್ತು ಅಂತ ಯಾರಿಗೂ ನೆನಪಿಲ್ಲ. ಮಾವ ಅಡುಗೆಮನೆಗೆ ಬಂದು ಸುತ್ತಲೂ ನೋಡಿ, ಸಕ್ಕರೆ ಡಬ್ಬಿಯ ಮುಚ್ಚಳ ಎತ್ತಿಕೊಂಡು ಹೋದರು. ಅದನ್ನೇ ಕಲ್ಲಿನ ಮೇಲಿಟ್ಟು ಗೆರೆ ಎಳೆದು ಕೆತ್ತಿದರು. ಕಣ್ಣಿಗೆ ಕಂಡದ್ದನ್ನು ಕೈ ಬಿಡಬಾರದು ಅನ್ನುವ ಮನುಷ್ಯ, ನಾನು ಬೀಳಿಸಿ ಮೊಟಕು ಮಾಡಿದ್ದ ದಳವನ್ನೂ ಮೊಟಕಾಗಿಯೇ ಕೆತ್ತಿಬಿಟ್ಟರು.

ತಪಾಸಣೆಗೆ ಬಂದವರು ಆ ಕಮಾನಿನ ಕೆಳಗೇ ನಿಂತು ಚಹಾ ಕುಡಿದು ಹೋದರು. ಅಂದು ಮಾವ ನಕ್ಕ ನಗುವನ್ನು ನಾನು ಮತ್ತೆ ನೋಡಿಲ್ಲ. ಜೀವಮಾನದಲ್ಲಿ ಅವರು ಹೇಳಿದ ಸುಳ್ಳು ಅದೊಂದೇ, ಅದನ್ನೂ ಬಾಯಲ್ಲಿ ಹೇಳಲಿಲ್ಲ.

ವರ್ಷಗಳು ಉರುಳಿದವು. ಸಾಹೇಬರು ಸತ್ತರು, ಮಾತು ಅವರ ಜೊತೆ ಹೋಯಿತು. ನಾನು ಅದೇ ಕಚೇರಿಯಲ್ಲಿ ಟೈಪಿಸ್ಟ್ ಆದೆ. ಮಾವ ನಿವೃತ್ತರಾದರೂ ಮನೆ ಬಿಡಿ ಅಂತ ಯಾರೂ ಅನ್ನಲಿಲ್ಲ, ಯಾಕೆಂದರೆ ಮಳೆ ಬಂದರೆ ಎಲ್ಲಿ ಸೋರುತ್ತದೆ ಅಂತ ಗೊತ್ತಿದ್ದವರು ಅವರೊಬ್ಬರೇ. ಆಗ ತಜ್ಞರು ಬಂದರು.

ತಜ್ಞರು ಒಳ್ಳೆಯವರೇ. ಎತ್ತರದ ಆಳು, ಕುತ್ತಿಗೆಯಲ್ಲಿ ಭೂತಗನ್ನಡಿ, ಜೇಬಿನಲ್ಲಿ ಸಣ್ಣ ಟಾರ್ಚು. ಪ್ರತಿ ಗೋಡೆಯನ್ನೂ ವೈದ್ಯರ ಹಾಗೆ ತಟ್ಟಿ ತಟ್ಟಿ ಕೇಳಿ, ಮೂರು ವರ್ಷ ಕೂತು ಮಠದ ಬಗ್ಗೆ ಪುಸ್ತಕ ಬರೆದರು. ರಕ್ಷಾಪುಟದ ಮೇಲೆ ಯಾವ ಕಮಾನು ಅಂತ ನಾನು ಹೇಳಬೇಕಾಗಿಲ್ಲ. ಏಳು ದಳ ಅಂದರೆ ಸನ್ಯಾಸಿಗಳ ಏಳು ವ್ರತವಂತೆ. ಒಂದು ದಳ ಮೊಟಕಾಗಿರುವುದು ಅವರ ವಿನಯವಂತೆ, ಪರಿಪೂರ್ಣತೆ ದೇವರೊಬ್ಬನಿಗೇ ಸಲ್ಲುತ್ತದೆ ಅಂತ ಬೇಕೆಂದೇ ಕುಂದು ಉಳಿಸಿದರಂತೆ. ಈ ಸಾಲು ಓದಿ ಅತ್ತೆ ನನ್ನ ಕಡೆ ನೋಡಿದರು. "ಅಯ್ಯೋ ಕಳ್ಳಿ, ನಿನ್ನ ಸಕ್ಕರೆ ಕಳ್ಳತನ ಎಲ್ಲಿಗೆ ಹೋಗಿ ಮುಟ್ಟಿತು ನೋಡೇ!"

ನಾವು ನಕ್ಕೆವು. ನಗುವಾಗ ಅದು ನಮ್ಮ ಬುಡಕ್ಕೇ ಬರುತ್ತದೆ ಅಂತ ಗೊತ್ತಿರಲಿಲ್ಲ.

ದಾಖಲೆ ಕಚೇರಿ ಹೊಸ ಕಟ್ಟಡಕ್ಕೆ ಹೋಗುವುದು ಅಂತಾಯಿತು. ಮಠವನ್ನು ಮೂಲರೂಪಕ್ಕೆ ತರಲು ಒಂದು ಸಮಿತಿ, ತಜ್ಞರೇ ಅದರ ಅಧ್ಯಕ್ಷರು. ಟೈಪು ಮಾಡಲು ನನ್ನನ್ನೇ ಕೊಟ್ಟರು. ಸಮಿತಿಯವರು ಕೆಂಪು ಬಣ್ಣದ ಡಬ್ಬ, ಕುಂಚ ಹಿಡಿದು ಕೋಣೆ ಕೋಣೆ ಸುತ್ತಿದರು. ಸನ್ಯಾಸಿಗಳ ಕಾಲದ್ದಕ್ಕೆ 'ಮೂ' ಅಂತ ಬರೆದರು, ಮೂಲ. ಆಮೇಲಿನದಕ್ಕೆ 'ಸೇ', ಸೇರ್ಪಡೆ. ಮೂ ಉಳಿಯುತ್ತದೆ, ಸೇ ಕೆಡವುತ್ತಾರೆ. ಕುದುರೆಯ ಬಳೆ ಸೇ, ಆಸ್ಪತ್ರೆಯ ಕಿಟಕಿ ಸೇ, ಶಾಲೆಯ ಕರಿಹಲಗೆ ಸೇ. ಮಾವನ ಕಮಾನಿಗೆ ದೊಡ್ಡದಾಗಿ ಮೂ. ನಮ್ಮ ಅಡುಗೆಮನೆಗೆ ಬಂದರು. ಅತ್ತೆ ಚಹಾ ಕೊಟ್ಟರು. ತಜ್ಞರು ಸಕ್ಕರೆ ಡಬ್ಬಿಯನ್ನು ತಾವೇ ತೆರೆದು, ಏಳು ದಳದ ಮುಚ್ಚಳವನ್ನು ಪಕ್ಕಕ್ಕಿಟ್ಟು, ಎರಡು ಚಮಚ ಹಾಕಿಕೊಂಡು, ಕುಡಿದು, ಚೆನ್ನಾಗಿದೆ ಅಂತ ಹೊಗಳಿ, ಹೊರಗೆ ಹೋಗಿ ನಮ್ಮ ಗೋಡೆಯ ಮೇಲೆ ಸೇ ಅಂತ ಬರೆಸಿದರು.

ಮಾವ ಹೊರಗೆ ಬಂದು ಆ ಗೋಡೆಗೇ ಒರಗಿ ನಿಂತರು. ಬಣ್ಣ ಇನ್ನೂ ಹಸಿಯಾಗಿತ್ತು. ಅಂಗಿಯ ಬೆನ್ನಿಗೆ ಆ ಸೇ ತಿರುಗುಮುರುಗಾಗಿ ಅಂಟಿಕೊಂಡಿತು. ಅತ್ತೆ ಸೀಮೆಎಣ್ಣೆ ಹಾಕಿ ಉಜ್ಜಿದರೂ ಹೋಗಲಿಲ್ಲ.

"ಸ್ವಾಮಿ," ಅಂದರು ಮಾವ ತಜ್ಞರಿಗೆ, "ಇಡೀ ಮಠದಲ್ಲಿ ಈ ಗೋಡೆನೇ ಎಲ್ಲಕ್ಕಿಂತ ಹಳೇದು. ಗಾರೆ ಕೆತ್ತಿ ನೋಡಿದೀನಿ. ಸನ್ಯಾಸಿಗಳು ಮೊದಲು ಕಟ್ಕೊಂಡಿದ್ದೇ ಇದು. ಅವರಿಗೂ ಹೊಟ್ಟೆ ಇತ್ತಲ್ಲ, ಒಲೆ ಬೇಕಿತ್ತಲ್ಲ."

"ನಿಮ್ಮ ಅನುಭವಕ್ಕೆ ಗೌರವ ಇದೆ ಮೇಸ್ತ್ರಿ," ಅಂದರು ತಜ್ಞರು. "ಆದರೆ ಆಧಾರ ಬೇಕಲ್ಲ. ಆ ಮೂಲೆ ಕಮಾನಿನ ಗಾರೆ ಇದೆಯಲ್ಲ, ಅದು ಅಪ್ಪಟ ಮಠದ ಕಾಲದ್ದು. ಅದನ್ನೇ ಅಳತೆ ಅಂತ ಇಟ್ಕೊಂಡು ಎಲ್ಲಾ ಗೋಡೆ ಪರೀಕ್ಷೆ ಮಾಡಿಸಿದೀವಿ. ನಿಮ್ಮ ಅಡುಗೆಮನೆ ಗಾರೆ ಅದಕ್ಕೆ ಹೊಂದೋದೇ ಇಲ್ಲ."

ಹೊಂದುವುದಾದರೂ ಹೇಗೆ? ಒಂದು ಸನ್ಯಾಸಿಗಳು ಕಲಸಿದ್ದು, ಇನ್ನೊಂದು ನಮ್ಮ ಮಾವ ಹಿತ್ತಲ ಗುಂಡಿಯಲ್ಲಿ ಕಲಸಿದ್ದು. ತಾವು ತೋಡಿದ ಗುಂಡಿಗೆ ತಾವೇ ಬೀಳುವುದು ಅಂದರೆ ಇದೇ, ಸುಣ್ಣದ ಗುಂಡಿಯಾದರೂ ಅಷ್ಟೇ.

ಆ ಸಂಜೆ ಮನೆಯಲ್ಲಿ ಒಲೆಗಿಂತ ಮಾತೇ ಹೆಚ್ಚು ಉರಿಯಿತು. "ಕಮಾನು ನಾನೇ ಕಟ್ಟಿದ್ದು ಅಂತ ಹೇಳ್ಬಿಡಿ. ಅಲ್ಲಿಗೆ ಅವರ ಅಳತೆ ಬಿದ್ದುಹೋಗುತ್ತೆ, ನಮ್ಮ ಗೋಡೆ ಉಳಿಯುತ್ತೆ," ಅಂದರು ಅತ್ತೆ.

"ಹೇಳಿದ್ರೆ ಕಮಾನಿಗೆ ಸೇ ಬರೀತಾರೆ ಕಣೇ. ಕೆಡವ್ತಾರೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ."

"ಮತ್ತೇನು, ನಿಮ್ಮ ಕಮಾನಿನ ಕೆಳಗೆ ಮೂರು ಕಲ್ಲಿಟ್ಟು ಒಲೆ ಹೂಡ್ಲಾ? ಕಲ್ಲಿನ ಮೇಲೆ ಇರೋ ಕರುಳು ಕಟ್ಕೊಂಡೋಳ ಮೇಲೆ ಇಲ್ವಲ್ರೀ ನಿಮಗೆ!"

ಮಾವ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮಧ್ಯಾಹ್ನ ನಾನು ಟೈಪು ಮಾಡುತ್ತಾ ಕಿಟಕಿಯಿಂದ ನೋಡಿದರೆ, ಕಮಾನಿನ ಕಂಬದ ಮೇಲೆ ಅಂಗೈ ಇಟ್ಟು ನಿಂತಿದ್ದರು. ಕಣ್ಣಲ್ಲಿ ನೀರಿತ್ತು. ಮಕ್ಕಳಿಲ್ಲದ ಮನುಷ್ಯ ಹುಟ್ಟಿಸಿದ್ದು ಅದೊಂದೇ. ನನ್ನ ಮುಂದೆ ಟೈಪು ಯಂತ್ರದಲ್ಲಿ 'ಕ್ರಮ ಸಂಖ್ಯೆ ನಲವತ್ತೊಂದು, ಹಿಂಬದಿಯ ಅಡುಗೆಮನೆ, ಸೇ, ತೆಗೆಯುವುದು' ಅನ್ನುವ ಸಾಲಿತ್ತು. ಸೇ ಹೊಡೆದು ಮೂ ಒತ್ತಲು ಎರಡು ಬೆರಳು ಸಾಕಿತ್ತು. ನನಗೆ ಧೈರ್ಯ ಬರಲಿಲ್ಲ. ಆ ಪುಕ್ಕಲುತನಕ್ಕೆ ನನ್ನನ್ನು ನಾನು ಇವತ್ತಿಗೂ ಬೈದುಕೊಳ್ಳುತ್ತೇನೆ.

ಮೂರನೇ ದಿನ ಸಮಿತಿ ಅಂಗಳದಲ್ಲಿ ಸೇರಿತ್ತು, ಟಿಪ್ಪಣಿ ಬರೆದುಕೊಳ್ಳಲು ನಾನೂ ಕೂತಿದ್ದೆ. ಮಾವ ಒಂದು ಕೈಯಲ್ಲಿ ಏಣಿ, ಇನ್ನೊಂದರಲ್ಲಿ ಸಕ್ಕರೆ ಡಬ್ಬಿಯ ಮುಚ್ಚಳ ಹಿಡಿದು ಬಂದರು. ಏಣಿ ಕಮಾನಿಗೆ ಚಾಚಿ ಹತ್ತಿದರು. ಮುಚ್ಚಳವನ್ನು ನೆತ್ತಿಗಲ್ಲಿನ ಹೂವಿಗೆ ಒತ್ತಿ ಹಿಡಿದರು. ಏಳಕ್ಕೆ ಏಳೂ ದಳ ಕೂತವು, ಮೊಟಕು ಮೊಟಕಿಗೆ ಸರಿಹೋಯಿತು.

"ಸ್ವಾಮಿ, ಈ ಕಮಾನು ನಾನು ಕಟ್ಟಿದ್ದು. ಲಾರಿ ಗುದ್ದಿ ಬಿದ್ದಿತ್ತು, ನಾನು ಎತ್ತಿ ನಿಲ್ಲಿಸಿದೆ. ಈ ಹೂವು ಈ ಮುಚ್ಚಳ ನೋಡಿ ಕೆತ್ತಿದ್ದು. ಬೇಕಾದ್ರೆ ಕೆಡವಿ. ನನ್ನ ಗೋಡೆ ಮುಟ್ಬೇಡಿ."

ತಜ್ಞರು ಮುಚ್ಚಳವನ್ನು ಕೇಳಿ ಪಡೆದು, ಕರವಸ್ತ್ರದ ಮೇಲಿಟ್ಟು, ಭೂತಗನ್ನಡಿ ಹಿಡಿದರು. ಅವರ ಮುಖ ಅರಳಿತು.

"ಅದ್ಭುತ! ಎಲ್ಲಿ ಸಿಕ್ತು ಮೇಸ್ತ್ರಿ ಇದು?"

"ಪೇಟೆ ಅಂಗಡೀಲಿ ಸ್ವಾಮಿ. ಬಿಸ್ಕತ್ತಿನ ಜೊತೆ."

"ನೋಡಿದ್ರಾ!" ಅಂತ ತಜ್ಞರು ಸಮಿತಿಯ ಕಡೆ ತಿರುಗಿದರು. "ಮಠದ ಚಿಹ್ನೆ ಜನಸಾಮಾನ್ಯರ ತಗಡಿನ ಡಬ್ಬಿವರೆಗೂ ಹರಿದು ಬಂದಿದೆ. ವಿನಯದ ದಳ ಸಮೇತ! ನನ್ನ ಪುಸ್ತಕದಲ್ಲಿ ಇದೊಂದು ಕೊಂಡಿ ಇರಲಿಲ್ಲ."

"ವಿನಯ ಅಲ್ಲ ಸಾರ್, ಅದು ನಾನು ಬೀಳಿಸಿದ್ದು!" ಅಂತ ನಾನು ಎದ್ದು ನಿಂತು ಕೂಗಿಯೇಬಿಟ್ಟೆ.

ತಜ್ಞರು ನನ್ನ ಕಡೆಯೂ ಮಾವನ ಕಡೆಯೂ ಪ್ರೀತಿಯಿಂದಲೇ ನೋಡಿದರು. "ಮೇಸ್ತ್ರಿ, ಇಷ್ಟು ವರ್ಷ ಈ ಕಲ್ಲುಗಳ ಸೇವೆ ಮಾಡಿದೀರ. ನಾನೇ ಕಟ್ಟಿದ್ದು ಅನ್ನಿಸೋದು ಸಹಜ. ಆದರೆ ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಇಂಥ ಕೆಲಸ ಈ ಕಾಲದವರ ಕೈಲಿ ಆಗೋದಲ್ಲ."

ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಹಾಗೆ. ಮಾವ ಏಣಿ ಇಳಿದರು. ಮುಖ ನೋಡಿದರೆ, ಬೈಸಿಕೊಂಡವರ ಹಾಗೂ ಇತ್ತು, ಬಿರುದು ಪಡೆದವರ ಹಾಗೂ ಇತ್ತು. ಮುಚ್ಚಳವನ್ನು ಸಮಿತಿ ಇಟ್ಟುಕೊಂಡಿತು. ಅವತ್ತಿನಿಂದ ನಮ್ಮ ಸಕ್ಕರೆಗೆ ಇರುವೆ ಮುತ್ತಿದವು.

ಮಾವ ಅಷ್ಟಕ್ಕೆ ಬಿಡಲಿಲ್ಲ. ಬಾಯಿಮಾತು ನಂಬದವರಿಗೆ ಗೋಡೆಯೇ ಹೇಳಲಿ ಅಂದು, ಮಾರನೇ ಬೆಳಗ್ಗೆ ಉಳಿ ಹಿಡಿದು ಅಡುಗೆಮನೆಯ ಗೋಡೆಯ ಮುಂದೆ ಕೂತರು. ಅಗಲವಾದ ಒಂದು ಪಟ್ಟಿಯನ್ನು, ಉಗುರಿಗೆ ನೋವಾಗದಂತೆ ಮುಳ್ಳು ತೆಗೆಯುವ ಹಾಗೆ, ಪದರ ಪದರವಾಗಿ ಬಿಡಿಸಿದರು. ಮೊದಲು ಬಂದದ್ದು ಕಚೇರಿಯ ಮಾಸಲು ಹಳದಿ. ಅದರಡಿ ಶಾಲೆಯ ನೀಲಿ. ಅದರಡಿ ಆಸ್ಪತ್ರೆಯ ಬಿಳಿ, ಒಂದರ ಮೇಲೊಂದು ಆರು ಸಲ ಬಳಿದದ್ದು. ಅದರಡಿ ಜೈಲಿನ ಡಾಂಬರು, ಅದರಡಿ ಲಾಯದ ಕೆಮ್ಮಣ್ಣು. ಎಲ್ಲಕ್ಕಿಂತ ಕೆಳಗೆ ಒರಟು ಗಾರೆ, ಅದರ ಮೇಲೆ ಬೆರಳಗಲ ಹೊಗೆಮಸಿ. ಮಸಿ ಒರೆಸಿದಾಗ ಗಾರೆಯಲ್ಲಿ ಒತ್ತಿದ ಒಂದು ಅಂಗೈ ಕಂಡಿತು. ಯಾವನೋ ಸನ್ಯಾಸಿ, ಹಸಿ ಗಾರೆ ಒಣಗಿದೆಯಾ ಅಂತ ಮುಟ್ಟಿ ನೋಡಿದ್ದ. ಒಣಗಿರಲಿಲ್ಲ.

"ಅವಸರದ ಆಸಾಮಿ," ಅಂದರು ಮಾವ.

ತಜ್ಞರು ಓಡಿ ಬಂದರು. ಮಂಡಿಯೂರಿ ನೋಡಿದರು, ಮೂಸಿದರು, ಭೂತಗನ್ನಡಿ ಹಿಡಿದು ಮತ್ತೆ ನೋಡಿದರು. "ಮೇಸ್ತ್ರಿ, ನೀವು ಹೇಳಿದ್ದೇ ಸರಿ. ಇದೇ ಮೂಲ!" ಅಂತ ಮಾವನನ್ನು ತಬ್ಬಿಕೊಂಡರು. ಹಾಗಾದರೆ ಕಮಾನು? ಅದಕ್ಕೂ ದಾರಿ ಸಿಕ್ಕಿತು. ಅಡುಗೆಮನೆ ಸನ್ಯಾಸಿಗಳು ಕೆಲಸ ಕಲಿಯುತ್ತಿದ್ದ ಕಾಲದ್ದಂತೆ, ಕಮಾನು ಅವರ ಕೈ ಪಳಗಿದ ಮೇಲಿನದ್ದಂತೆ. ಎರಡೂ ಮೂ. ನಮ್ಮ ಗೋಡೆಯ ಸೇ ಅಳಿಸಿ ಮೂ ಬರೆದರು. ಅತ್ತೆ ಬಿಕ್ಕಿ ಬಿಕ್ಕಿ ಅತ್ತರು, ಆಮೇಲೆ ಸಮಿತಿಗೆಲ್ಲ ಚಹಾ ಮಾಡಿಕೊಟ್ಟರು. ಮನೆಯೂ ಉಳಿಯಿತು, ಕಮಾನೂ ಉಳಿಯಿತು. ಆ ವಾರವಿಡೀ ಮಾವ ಸಿಳ್ಳೆ ಹಾಕಿಕೊಂಡು ಓಡಾಡಿದರು.

ಎಂಟು ದಿನ ಬಿಟ್ಟು ಆದೇಶ ಬಂತು. ಟೈಪು ಮಾಡಿದವಳು ನಾನೇ, ಒಂದೊಂದು ಅಕ್ಷರವೂ ನನ್ನ ಬೆರಳಿಗೆ ನೆನಪಿದೆ. 'ಕ್ರಮ ಸಂಖ್ಯೆ ನಲವತ್ತೊಂದು ಮೂಲಭಾಗವೆಂದು ಖಚಿತಪಟ್ಟಿರುವುದರಿಂದ, ಸದರಿ ಭಾಗದಲ್ಲಿ ಬೆಂಕಿ ಹಚ್ಚುವುದನ್ನೂ ವಾಸಿಸುವುದನ್ನೂ ನಿಷೇಧಿಸಲಾಗಿದೆ.' ನಾನು ತಜ್ಞರ ಮೇಜಿನ ಮುಂದೆ ಹೋಗಿ ನಿಂತೆ. "ಸಾರ್, ಸನ್ಯಾಸಿಗಳು ಅಲ್ಲಿ ಒಲೆ ಹಚ್ಚಿದ್ದಕ್ಕೇ ತಾನೇ ಅದು ಮೂಲ ಆಗಿದ್ದು?"

"ಅದೇ ನೋಡಮ್ಮ," ಅಂದರು ಅವರು, ನಿಜವಾದ ಸಂಕಟದಿಂದ. "ಆ ಮಸಿ ಕೆಡಬಾರದಲ್ಲ."

ಕಮಾನು ನಿಂತಿತ್ತು. ಅದು ನಿಂತಿರುವವರೆಗೂ ಇರು ಅಂದವರು ಇರಲಿಲ್ಲ. ನಾವು ಮೂವರೂ ಊರಾಚೆಯ ಬಾಡಿಗೆ ಮನೆಗೆ ಬಂದೆವು. ಮೂರನೇ ಮಹಡಿ. ಪಕ್ಕದವರು ಸೀನಿದರೆ ನಾವು ಎಚ್ಚರಾಗುತ್ತೇವೆ. ಮೊದಲ ದಿನ ಮಾವ ಗೋಡೆಯನ್ನು ಬೆರಳಲ್ಲಿ ತಟ್ಟಿ, "ಇದು ಗೋಡೆನಾ, ರಟ್ಟಾ?" ಅಂದರು. ಆಮೇಲೆ ಗೋಡೆಯ ವಿಷಯ ಎತ್ತಲಿಲ್ಲ.

ಮಠ ಈಗ ನೋಡುವವರಿಗೆ ತೆರೆದಿದೆ. ಹಣವಂತರು ಬಂದು ಆ ಕೋಣೆಗಳಲ್ಲಿ ಎರಡು ಮೂರು ದಿನ ಮಾತು ಬಿಟ್ಟು ಇರುತ್ತಾರಂತೆ. ಚಿಲಕ ಮತ್ತೆ ಒಳಗೆ ಬಂದಿದೆ. ಹೋದ ತಿಂಗಳು ಅತ್ತೆ ಹಟ ಹಿಡಿದರು, ಒಂದು ಸಲ ನೋಡಿಕೊಂಡು ಬರೋಣ ಅಂತ. ಮಾವ ಗಟ್ಟಿಯಾಗಿ ಉಳಿದಿದ್ದ ಒಂದೇ ಒಂದು ಅಂಗಿ ಹಾಕಿಕೊಂಡರು. ಚೀಟಿ ತೆಗೆದುಕೊಂಡು ಸಾಲಿನಲ್ಲಿ ನಿಂತು ನಮ್ಮ ಅಡುಗೆಮನೆಗೆ ಹೋದೆವು. ಬಾಗಿಲಿಗೆ ಹಗ್ಗ. ಗೂಡಿನಲ್ಲಿ ದೀಪ ಇಟ್ಟಿದ್ದರು, ಅಲ್ಲಿ ಸನ್ಯಾಸಿಗಳು ಪವಿತ್ರ ಗ್ರಂಥ ಇಡುತ್ತಿದ್ದರು ಅಂತ ವಿವರಿಸುವ ಹುಡುಗಿ ಹೇಳಿದಳು. ಅತ್ತೆ ಅಭ್ಯಾಸಬಲದಿಂದ ಹಗ್ಗದ ಮೇಲಿಂದ ಗೋಡೆಗೆ ಕೈ ಚಾಚಿದರು.

"ಅಜ್ಜಿ, ದಯವಿಟ್ಟು ಮುಟ್ಟಬೇಡಿ," ಅಂದಳು ಹುಡುಗಿ, ಮೆತ್ತಗೆ.

ಅಂಗಳಕ್ಕೆ ಬಂದೆವು. ಗಾಜಿನ ಪೆಟ್ಟಿಗೆಯಲ್ಲಿ ನಮ್ಮ ಸಕ್ಕರೆ ಡಬ್ಬಿಯ ಮುಚ್ಚಳ ಇತ್ತು. ಹುಡುಗಿ ಮೂಲೆಯ ಕಮಾನಿನ ಕೆಳಗೆ ಜನರನ್ನು ನಿಲ್ಲಿಸಿ, ಏಳು ವ್ರತ ಹೇಳಿ, ವಿನಯದ ದಳ ತೋರಿಸಿ, "ಇಂಥ ಕೆಲಸ ಮಾಡುವವರು ಈಗ ಎಲ್ಲೂ ಇಲ್ಲ," ಅಂದಳು.

"ಇದಾರೆ ಕಣಮ್ಮಾ!" ಅತ್ತೆಯ ದನಿ ಪಡಸಾಲೆ ತುಂಬ ಮೊಳಗಿತು. "ಇಲ್ಲೇ ನಿಂತಿದಾರೆ! ನನ್ನ ಯಜಮಾನ್ರು ಕಟ್ಟಿದ್ದು ಇದು!"

ಎಲ್ಲರೂ ತಿರುಗಿ ನೋಡಿದರು. ಹುಡುಗಿ ವಯಸ್ಸಾದವರಿಗೆ ನಗುವ ನಗು ನಕ್ಕಳು. ಒಬ್ಬಾತ ಮಾವನ ಹತ್ತಿರ ಬಂದು, ಫೋಟೋ ತೆಗೆಯಬೇಕು, ಕಮಾನಿಗೆ ಅಡ್ಡ ಬಂದಿದ್ದೀರಿ, ಸ್ವಲ್ಪ ಸರಿಯಿರಿ ಅಂದ.

"ಓ, ಕ್ಷಮಿಸಿ ಸ್ವಾಮಿ," ಅಂದರು ಮಾವ.

ಅವರು ಸರಿದು, ನಮಗೆ ಕಾಯದೆ, ಬಾಗಿಲ ಕಡೆ ಮೆಲ್ಲಗೆ ನಡೆದರು. ಅಂಗಿಯ ಬೆನ್ನ ಮೇಲೆ ಆ ಕೆಂಪು ಸೇ ಇನ್ನೂ ಹಾಗೇ ಇತ್ತು.